ಹಗ್ಗದ ಕೊನೆಯ ಜಾಗ

"ಏಯ್, ಹಲೋ! ಹಗ್ಗ ದಾಟ್ಬೇಡಿ!"

ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತೋಚದೆ ಅವನು ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತುಬಿಟ್ಟ. ಎರಡೂ ಕೈಯಲ್ಲಿ ದೊಡ್ಡ ಫ್ಲಾಸ್ಕುಗಳು, ಹೆಗಲಿಗೊಂದು ಬ್ಯಾಗು, ಬೆಳ್ಳಗೆ ಹೊಳೆಯುವ ಹೊಸ ಶೂ.

"ಕಾಫಿ ಯಾರೂ ಹೇಳಿಲ್ವಲ್ಲ," ಎಂದಳು ಪದ್ಮಶ್ರೀ. "ಪ್ರಾಕ್ಟೀಸ್ ನಡೀತಿದೆ. ಆ ಕಡೆಯಿಂದ ಸುತ್ಕೊಂಡು ಹೋಗಿ ಅಣ್ಣ."

"ನಾನು ಕಾಫಿ ಮಾರೋಕೆ ಬಂದಿಲ್ಲ ಮೇಡಂ. ಅಂದ್ರೆ, ಮಾರ್ತೀನಿ. ಆದ್ರೆ ಇಲ್ಲಲ್ಲ." ಅವನು ಮೆಲ್ಲಗೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. "ಹಗ್ಗ ಎಳೆಯೋಕೆ ಬಂದಿದೀನಿ. ಭಾರ್ಗವ ಅಂತ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಪದ್ಮಶ್ರೀ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ತಾನು 'ಅಣ್ಣ' ಎಂದದ್ದು ಅವಳಿಗೆ ಯಾಕೋ ಚುಚ್ಚಿತು.

ಕೋಣನಕುಂಟೆಯ ಆ ಮೈದಾನದಲ್ಲಿ ವಾರಕ್ಕೆ ಮೂರು ಬೆಳಗ್ಗೆ ಹಗ್ಗಜಗ್ಗಾಟದ ಅಭ್ಯಾಸ ನಡೆಯುತ್ತಿತ್ತು. ಮಿಕ್ಸೆಡ್ ತಂಡ: ನಾಲ್ಕು ಜನ ಗಂಡಸರು, ನಾಲ್ಕು ಜನ ಹೆಂಗಸರು, ಒಂದೇ ಹಗ್ಗ. ಕೋಚ್ ಗಂಗಯ್ಯನವರು ಸೇನೆಯಲ್ಲಿದ್ದಾಗ ಇದೇ ಆಟ ಆಡಿ, ನಿವೃತ್ತಿಯಾದ ಮೇಲೂ ಬಿಡಲಾಗದೆ ಊರಿನವರನ್ನು ಕೂಡಿಸಿ ತಂಡ ಕಟ್ಟಿದ್ದರು. ರಾಜ್ಯ ಮಟ್ಟದ ಪಂದ್ಯ ಹತ್ತಿರ ಬರುತ್ತಿತ್ತು. ಒಬ್ಬ ಹುಡುಗ ಕೆಲಸ ವರ್ಗವಾಗಿ ಹುಬ್ಬಳ್ಳಿಗೆ ಹೋಗಿದ್ದ. ಆ ಖಾಲಿ ಜಾಗಕ್ಕೆ ಬಂದವನು ಈ ಭಾರ್ಗವ. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಅವನ ಮನೆಯವರದು ಕಾಫಿಪುಡಿ ಅಂಗಡಿ. ಚಿಕ್ಕಂದಿನಿಂದ ಬೀಜದ ಮೂಟೆ ಹೊತ್ತು ಬಲಿತ ತೋಳು.

ಪದ್ಮಶ್ರೀ ಮೆಟ್ರೋ ರೈಲು ಓಡಿಸುತ್ತಿದ್ದಳು, ಹಸಿರು ಮಾರ್ಗದಲ್ಲಿ. ಹುಟ್ಟಿ ಬೆಳೆದದ್ದು ಕೋಣನಕುಂಟೆಯ ಹಳೇ ಊರಿನ ಓಣಿಯಲ್ಲಿ. ಅವಳಿಗೆ ಸುಮ್ಮನೆ ಇರುವುದೆಂದರೆ ಆಗದು. ಸ್ಟೇಷನ್ನಿನಲ್ಲಿ ಬಾಗಿಲು ತೆರೆದು ಜನ ಹತ್ತಿ ಇಳಿಯುವಷ್ಟು ಹೊತ್ತೂ ಅವಳ ಕಾಲು ನೆಲವನ್ನು ತಟ್ಟುತ್ತಲೇ ಇರುತ್ತಿತ್ತು. ಅಂಥವಳನ್ನು ಗಂಗಯ್ಯ ತಂದು ನಿಲ್ಲಿಸಿದ್ದು ಹಗ್ಗದ ಕಟ್ಟಕಡೆಗೆ, ಆಂಕರ್ ಆಗಿ. ಹಗ್ಗದ ತುದಿಯನ್ನು ಕಂಕುಳಡಿಯಿಂದ ಬೆನ್ನಿಗೆ ಸುತ್ತಿ ಹೆಗಲ ಮೇಲೆ ತಂದುಕೊಂಡು, ಹಿಮ್ಮಡಿ ಊರಿ, ಗೂಟದ ಹಾಗೆ ನಿಲ್ಲಬೇಕಾದ ಜಾಗ ಅದು.

"ಹೊಸಬನ್ನ ನಿನ್ನ ಮುಂದೆ ಹಾಕ್ತೀನಿ," ಎಂದರು ಗಂಗಯ್ಯ. "ಸ್ವಲ್ಪ ನೋಡ್ಕೋ."

ಅವಳು ನೋಡಿದಳು. ನೋಡಲು ಅಲ್ಲಿ ಅವನ ಬೆನ್ನೊಂದೇ ಇತ್ತು.

*

ಮೊದಲ ವಾರ ಅವನಿಂದ ತಂಡ ಹಾಳಾಯಿತು.

ಬಲಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಎಲ್ಲರಿಗಿಂತ ಅರೆಗಳಿಗೆ ಮುಂಚೆ ಎಳೆದುಬಿಡುತ್ತಿದ್ದ. ಅವನ ಜೋರಿಗೆ ಹಗ್ಗ ಅಲುಗಿ, ಉಳಿದವರ ಕಾಲು ಜಾರಿ, ಎದುರಿಗೆ ಕಟ್ಟಿದ್ದ ಟ್ರ್ಯಾಕ್ಟರ್ ಟೈರು ಇದ್ದಲ್ಲೇ ಇರುತ್ತಿತ್ತು.

"ಸ್ವಾಮೀ," ಎಂದಳು ಪದ್ಮಶ್ರೀ, ಏದುಸಿರು ಬಿಡುತ್ತ. "ನೀವು ಹಗ್ಗ ಎಳೀತಿಲ್ಲ. ನಮ್ಮನ್ನ ಎಳೀತಿದೀರ."

"ಶಕ್ತಿ ಹಾಕ್ತಿದೀನಲ್ಲ ಮೇಡಂ?"

"ಶಕ್ತಿ ಯಾರು ಕೇಳಿದ್ರು ನಿಮ್ಮನ್ನ? ಹಿಂದೆ ಉಸಿರು ಕೇಳ್ಸುತ್ತಲ್ಲ, ನಂದು? ಅದನ್ನ ಕೇಳಿ. ನಾನು ಉಸಿರು ಬಿಟ್ಟಾಗ ಎಳೀರಿ."

ಅವನು ಹಿಂತಿರುಗಿ ಅವಳನ್ನು ನೋಡಿದ. ತಮಾಷೆ ಮಾಡುತ್ತಾನೇನೋ ಎಂದುಕೊಂಡಳು. ಮಾಡಲಿಲ್ಲ. "ಸರಿ," ಎಂದು ತಿರುಗಿಕೊಂಡು ಹಗ್ಗ ಹಿಡಿದ.

ಅವತ್ತು ಗಂಗಯ್ಯ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. "ಒಬ್ಬೊಬ್ಬರೇ ಎಳೆದಾಗ ಎಲ್ರೂ ಭೀಮಸೇನರೇ. ಎಂಟು ಜನ ಸೇರಿದ್ರೆ ಎಂಟು ಜನರ ಬಲ ಬರಬೇಕು ತಾನೇ? ಬರಲ್ಲ. ಆರು ಜನರದ್ದು ಬಂದ್ರೆ ಪುಣ್ಯ. ಇನ್ನಿಬ್ಬರ ಬಲ ಎಲ್ಲಿ ಹೋಯ್ತು? 'ಪಕ್ಕದವನು ಎಳೀತಾನೆ ಬಿಡು' ಅಂತೀವಲ್ಲ, ಅಲ್ಲಿ ಹೋಯ್ತು. ಪಕ್ಕದವರ ಮೇಲೆ ಅಸಮಾಧಾನ ಇದ್ರೆ ಇನ್ನೂ ಒಬ್ಬರದ್ದು ಹೋಗುತ್ತೆ. ನಿಮ್ಮ ಸ್ನಾಯು ನಾನು ತಯಾರು ಮಾಡ್ಬಹುದು. ನಂಬಿಕೆ ನೀವೇ ಮಾಡ್ಕೋಬೇಕು."

"ಸಾರ್, ನಂಬಿಕೆಗೆ ತೂಕ ಎಷ್ಟು?" ಎಂದ ಸುಶ್ರುತ, ತಂಡದ ತಮಾಷೆಗಾರ. ಎಂಟೂ ಜನರ ಒಟ್ಟು ತೂಕಕ್ಕೆ ಪಂದ್ಯದಲ್ಲಿ ಮಿತಿಯಿತ್ತು. ಯಾರು ಎರಡು ವಡೆ ಜಾಸ್ತಿ ತಿಂದರೂ ಅದು ಎಲ್ಲರ ಲೆಕ್ಕಕ್ಕೂ ಬರುತ್ತಿತ್ತು.

"ನಿನ್ನ ನಾಲಿಗೆಗಿಂತ ಕಡಿಮೆ," ಎಂದಳು ಸುನಿತಾ. ತಿಲಕ್ ನಗರದ ನರ್ಸಿಂಗ್ ಹೋಮ್ ಒಂದರಲ್ಲಿ ನರ್ಸ್. ಹಗ್ಗದಲ್ಲಿ ಎಲ್ಲರಿಗಿಂತ ಮುಂದಿನವಳು, ಪದ್ಮಶ್ರೀಗೆ ಎಲ್ಲರಿಗಿಂತ ಹತ್ತಿರದವಳು.

ಮಳೆಗಾಲ ಕಳೆಯುವಷ್ಟರಲ್ಲಿ ಭಾರ್ಗವನಿಗೆ ಅವಳ ಉಸಿರಿನ ಲಯ ಸಿಕ್ಕಿತ್ತು. ಟೈರು ಜರುಗಿತು. ಆಮೇಲೆ ಟೈರಿನ ಮೇಲೆ ಇಬ್ಬರನ್ನು ಕೂರಿಸಿದರೂ ಜರುಗಿತು.

ಅವಳಿಗೋ, ಬೇರೆಯೇ ಒಂದು ತೊಂದರೆ ಶುರುವಾಯಿತು.

ಅವನ ಕುತ್ತಿಗೆಯ ಹಿಂಭಾಗದಲ್ಲಿ, ಕೂದಲು ಮುಗಿಯುವಲ್ಲಿ, ಒಂದು ಸಣ್ಣ ಮಚ್ಚೆಯಿತ್ತು. ಎಳೆತದ ಬಿಗಿ ಏರಿದಾಗ ಬೆವರಿನ ಒಂದು ಹನಿ ಅದರ ಹತ್ತಿರ ಬಂದು, ಹೋಗಲೋ ಬೇಡವೋ ಎಂದು ನಿಂತು, ಮೆಲ್ಲಗೆ ಕಾಲರಿನೊಳಗೆ ಇಳಿದುಹೋಗುತ್ತಿತ್ತು. ಆ ಹನಿಯನ್ನು ಅವಳು ಎಷ್ಟು ಸಲ ನೋಡಿದ್ದಳೋ. ಡ್ಯೂಟಿಯಲ್ಲಿ ಹಳಿ ನೋಡುತ್ತಿರುವಾಗಲೂ ಅದು ನೆನಪಿಗೆ ಬಂದು, 'ಥೂ, ಏನಿದು' ಎಂದು ತನ್ನ ಮೇಲೆ ತಾನೇ ರೇಗಿಕೊಳ್ಳುತ್ತಿದ್ದಳು. ಬೆನ್ನನ್ನು ನೋಡಿ ಯಾರಾದರೂ ಹೀಗಾಗುತ್ತಾರೆಯೇ?

ಅಭ್ಯಾಸ ಮುಗಿದ ಮೇಲೆ ಅವನು ಫ್ಲಾಸ್ಕಿನಿಂದ ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದ. ಅವಳ ಸರದಿ ಕೊನೆಗೆ. ಬೇಕೆಂದೇ.

"ನಿಮಗೆ ಸ್ಟ್ರಾಂಗು," ಎನ್ನುತ್ತಿದ್ದ.

"ಯಾರು ಹೇಳಿದ್ರು?"

"ಬೈಯೋರಿಗೆ ಸ್ಟ್ರಾಂಗೇ ಇಷ್ಟ. ಅಂಗಡೀಲಿ ನೋಡಿದೀನಿ."

"ಮತ್ತೆ ನಿಮಗೆ?"

"ನಂಗೆ ಬೈಸಿಕೊಳ್ಳೋದು." ಹಾಗೆಂದು ಲೋಟ ಕೊಡುವಾಗ ಒಂದು ಕ್ಷಣ ಹೆಚ್ಚಿಗೆ ಹಿಡಿದಿದ್ದು, ಅವಳ ಕಣ್ಣಿಗೆ ಕಣ್ಣು ಸಿಗುವವರೆಗೆ ಕಾದು, ಸಿಕ್ಕೊಡನೆ ತಾನೇ ಗಾಬರಿಯಾಗಿ ಬಿಟ್ಟುಬಿಡುತ್ತಿದ್ದ.

ಒಂದು ಮಧ್ಯಾಹ್ನ ಜಯನಗರ ಸ್ಟೇಷನ್ನಿಗೆ ರೈಲು ತರುವಾಗ, ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ಯಾರೂ ನಿಲ್ಲದ ಕಡೆ, ಅವನು ನಿಂತಿದ್ದ. ಕೈ ಬೀಸಲಿಲ್ಲ, ನಗಲೂ ಇಲ್ಲ. ಅವಳ ಕ್ಯಾಬಿನ್ ಎದುರಿಗೆ ಬಂದು ನಿಂತಾಗ ಗಂಭೀರವಾಗಿ ಎದೆ ಉಬ್ಬಿಸಿ ಉಸಿರೆಳೆದು, ಅಷ್ಟೇ ಗಂಭೀರವಾಗಿ ಬಿಟ್ಟ. ಅವಳು ತುಟಿ ಕಚ್ಚಿಕೊಂಡು ನೇರಕ್ಕೆ ನೋಡಿದಳು. ರಾಷ್ಟ್ರೀಯ ವಿದ್ಯಾಲಯ ರಸ್ತೆ ದಾಟಿದ ಮೇಲೂ ನಗು ನಿಲ್ಲಲೊಲ್ಲದು.

ಬಾಯಿಬಿಟ್ಟು ಇಬ್ಬರೂ ಏನೂ ಹೇಳಲಿಲ್ಲ. ಹೇಳಿದರೆ ಏನೇನು ಹಿಂದೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅವಳ ಮನೆಯ ನಡುಕೋಣೆಯ ಗೋಡೆಯಲ್ಲಿ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಅವನ ಅಂಗಡಿಯ ಗಲ್ಲಾದ ಮೇಲೆ ರಾಘವೇಂದ್ರ ಸ್ವಾಮಿಗಳು. ನಡುವೆ ಮೆಟ್ರೋದಲ್ಲಿ ಕೆಲವೇ ಸ್ಟೇಷನ್ನು. ಹಳಿಯ ಮೇಲಾದರೆ ಅದೇನು ದೂರವೇ ಅಲ್ಲ.

*

ಎಡಗೈಯ ಬೆರಳುಗಳು ಜೋಮು ಹಿಡಿಯಲು ಶುರುವಾದದ್ದು ಆಗಲೇ.

ಮೊದಲು ಕಿರುಬೆರಳು, ಆಮೇಲೆ ಪಕ್ಕದ್ದು. ಹಗ್ಗ ಹೆಗಲನ್ನು ಒತ್ತಿದ ದಿನ ಸಂಜೆಯವರೆಗೂ ಕೈಯಲ್ಲಿ ಇರುವೆ ಹರಿದಂತಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ತಂಡಕ್ಕೆ ಹೇಳಿದರೆ ಆಂಕರ್ ಜಾಗ ಹೋಗುತ್ತದೆ. ಆಫೀಸಿಗೆ ಗೊತ್ತಾದರೆ ರೈಲು ಹೋಗುತ್ತದೆ. ಎರಡೂ ಇಲ್ಲದ ಪದ್ಮಶ್ರೀ ಯಾರೆಂದು ಅವಳಿಗೇ ಗೊತ್ತಿರಲಿಲ್ಲ. ಎಡಗೈಯ ಕೆಲಸವನ್ನು ಬಲಗೈಗೆ ಹಾಕಿಕೊಂಡು, ಬಲಕ್ಕೆ ವಾಲಿ ಎಳೆಯತೊಡಗಿದಳು.

ಒಂದು ಬೆಳಗ್ಗೆ ಭಾರ್ಗವ ಕೊಟ್ಟ ಲೋಟ ಅವಳ ಎಡಗೈಯಿಂದ ಜಾರಿ ಬಿತ್ತು. ಕಾಫಿ ಅವನ ಶೂ ಮೇಲೆ ಚೆಲ್ಲಿತು.

"ಕೈ ಏನಾಗಿದೆ?"

"ಏನಿಲ್ಲ. ಬೆವರು."

"ನಿಮ್ಮ ಎಳೆತ ಬಲಗಡೆಯಿಂದ ಮಾತ್ರ ಬರ್ತಿದೆ. ಹಗ್ಗದಲ್ಲಿ ಗೊತ್ತಾಗುತ್ತೆ ನಂಗೆ. ತುಂಬ ದಿನದಿಂದ."

"ನಿಮಗೆ ಗೊತ್ತಾದ್ರೆ ನಿಮ್ಮ ಹತ್ರಾನೇ ಇಟ್ಕೊಳ್ಳಿ," ಎಂದಳು ಮೆಲ್ಲಗೆ. "ಪ್ಲೀಸ್. ಟೂರ್ನಮೆಂಟ್ ಮುಗೀಲಿ. ಆಮೇಲೆ ತೋರಿಸ್ತೀನಿ."

ಅವನು ಬಗ್ಗಿ ಬಿದ್ದ ಲೋಟ ಎತ್ತಿಕೊಂಡ. ಒಪ್ಪಿದ ಎಂದು ಅವಳು ತಿಳಿದಳು.

ಮುಂದಿನ ಅಭ್ಯಾಸಕ್ಕೆ ಬಂದಾಗ ಗಂಗಯ್ಯ ಅವಳನ್ನು ಪಕ್ಕಕ್ಕೆ ಕರೆದರು. "ಕೈ ಡಾಕ್ಟರಿಗೆ ತೋರಿಸ್ಕೊಂಡು ಬಾಮ್ಮ. ಅಲ್ಲಿವರೆಗೆ ನೀನು ಹಗ್ಗ ಮುಟ್ಬೇಡ. ಹೆಂಗಸರ ಲೆಕ್ಕಕ್ಕೆ ನಮ್ಮ ಎಕ್ಸ್‌ಟ್ರಾ ಹುಡುಗಿ ಸುರಭಿನ ತಗೋತೀನಿ. ಕೊನೇಲಿ ಭಾರ್ಗವ ನಿಲ್ತಾನೆ."

ಅವಳು ಸರಕ್ಕನೆ ತಿರುಗಿದಳು. ನೋಡಿದರೆ, ಅವನು ಆಗಲೇ ಹಗ್ಗದ ತುದಿಯ ಹತ್ತಿರ ತಲೆ ತಗ್ಗಿಸಿಕೊಂಡು ನಿಂತಿದ್ದ. ಅವಳ ಜಾಗದಲ್ಲಿ.

ನೇರ ಹೋಗಿ ಎದುರಿಗೆ ನಿಂತಳು.

"ನೀನೇ ಹೇಳ್ದೆ ಅಲ್ವಾ?"

"ಹೌದು."

"ನಾನು ಪ್ಲೀಸ್ ಅಂದಿದ್ದೆ ನಿಂಗೆ. ಜೀವನದಲ್ಲಿ ಯಾರಿಗೂ ಅಂದಿಲ್ಲ ಆ ಮಾತು. ಜಾಗ ಬೇಕಿದ್ರೆ ಕೇಳ್ಬೇಕಿತ್ತು, ಕೊಡ್ತಿದ್ದೆ. ಕದಿಯೋದ್ಯಾಕೆ?"

"ಪದ್ಮಶ್ರೀ, ನಿಮ್ಮ ಕೈಯಲ್ಲಿ ರೈಲು ಇದೆ..."

"ನನ್ನ ರೈಲು ನೀನು ನೋಡ್ಬೇಡ!"

ಅವಳು ಶೂ ಬಿಚ್ಚಿ ಬ್ಯಾಗಿಗೆ ತುರುಕಿ, ಬರಿಗಾಲಲ್ಲೇ ಮೈದಾನ ದಾಟಿ ಹೋದಳು. ಅರ್ಧ ದಾರಿಗೆ ಹೊಳೆಯಿತು: ಅವನನ್ನು ಮೊದಲ ಸಲ ಏಕವಚನದಲ್ಲಿ ಕರೆದಿದ್ದಳು. ಎಷ್ಟೋ ದಿನದಿಂದ ಬಾಯಿಗೆ ಬಂದು ನುಂಗಿಕೊಂಡಿದ್ದ 'ನೀನು' ಹೊರಗೆ ಬಂದದ್ದು ಹೀಗೆ.

ತಂಡ ಒಡೆಯಿತು. ಜಾಗಕ್ಕೋಸ್ಕರ ಚಾಡಿ ಹೇಳಿದ ಎಂದು ಸುನಿತಾ ಮುಖಕ್ಕೇ ಹೇಳಿ ಭಾರ್ಗವನ ಜೊತೆ ಮಾತು ಬಿಟ್ಟಳು. ಇಬ್ಬರು ಅವಳ ಕಡೆ ಸೇರಿದರು, ಉಳಿದವರು ಯಾರ ಕಡೆಯೂ ಇಲ್ಲದೆ ಮೊಬೈಲು ನೋಡಿಕೊಂಡು ಕೂತರು. ಫ್ಲಾಸ್ಕು ತುಂಬಿಕೊಂಡೇ ಬಂದು ತುಂಬಿಕೊಂಡೇ ವಾಪಸ್ ಹೋಗುತ್ತಿತ್ತು. ತಲಘಟ್ಟಪುರದ ತಂಡದ ಜೊತೆ ಅಭ್ಯಾಸದ ಪಂದ್ಯ ಇಟ್ಟುಕೊಂಡರೆ, ಎರಡು ಎಳೆತವನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಸೋತರು. ಒಬ್ಬಳನ್ನು ಬಿಟ್ಟರೆ ಅದೇ ಜನ, ಅದೇ ತೋಳು. ಪದ್ಮಶ್ರೀಗಿಂತ ಭಾರ್ಗವ ಭಾರವೂ ಇದ್ದ, ಬಲವೂ ಇದ್ದ. ಆದರೂ ತಂಡ ಬಾಳೆನಾರಿನ ಹಾಗೆ ಎಳೆಎಳೆಯಾಗಿ ಬಿಟ್ಟುಹೋಯಿತು ಎಂದು ಸುಶ್ರುತ ಫೋನಿನಲ್ಲಿ ವರದಿ ಕೊಟ್ಟ. ಈ ಸಲ ತಮಾಷೆ ಮಾಡಲಿಲ್ಲ.

ಕೇಳಿ ಅವಳಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮನೆಯಲ್ಲಿ ಅಡಿಗೆಮನೆಗೂ ಹಿತ್ತಿಲಿಗೂ ಓಡಾಡಿದಳು. "ಅದೇನು ಬೆಕ್ಕು ಮರಿ ಕಳ್ಕೊಂಡಂಗೆ ತಿರುಗ್ತೀಯೆ, ಕೂತ್ಕೊಂಡು ಉಣ್ಣು," ಎಂದರು ಅವಳ ಅಮ್ಮ ಗೋವಿಂದಮ್ಮ.

"ಹಸಿವಿಲ್ಲ."

"ಹಸಿವು ಇಲ್ದೆ ಇರೋದಲ್ಲ ಅದು," ಎಂದು ಅಮ್ಮ ತಟ್ಟೆಯನ್ನು ಮುಚ್ಚಿಟ್ಟರು.

*

ಬನಶಂಕರಿ ಸ್ಟೇಷನ್ನಿನಲ್ಲಿ ಬೆಳಗಿನ ಜನ. ಪ್ಲಾಟ್‌ಫಾರ್ಮ್ ತುಂಬಿ ಚೆಲ್ಲುತ್ತಿತ್ತು. ಜನ ಹತ್ತಿದ್ದನ್ನು ನೋಡಿಕೊಂಡು ಪದ್ಮಶ್ರೀ ಬಾಗಿಲು ಮುಚ್ಚುವ ಗುಂಡಿಯ ಮೇಲೆ ಎಡಗೈ ಇಟ್ಟಳು.

ಒತ್ತಿದೆನೋ ಇಲ್ಲವೋ, ಬೆರಳಿಗೆ ಗೊತ್ತಾಗಲಿಲ್ಲ.

ಕಣ್ಣಿನಿಂದ ನೋಡಬೇಕಾಯಿತು. ಬೆರಳು ಗುಂಡಿಯ ಮೇಲೇ ಇತ್ತು. ಅವಳದಲ್ಲದ ಬೆರಳಿನ ಹಾಗೆ ಇತ್ತು. ಬಲಗೈ ಚಾಚಿ ಒತ್ತಿದಳು. ಬಾಗಿಲು ಮುಚ್ಚಿತು, ರೈಲು ಹೊರಟಿತು, ಏನೂ ಆಗಲಿಲ್ಲ. ಒಳಗಿದ್ದ ಅಷ್ಟು ಜನರಲ್ಲಿ ಒಬ್ಬರಿಗೂ ಏನೂ ಗೊತ್ತಾಗಲಿಲ್ಲ. ಹಿಂದೆ ಯಾರ ಮಗು ಇದೆಯೋ, ಯಾರ ತಾಯಿ ಇದ್ದಾರೋ.

'ನಿಮ್ಮ ಕೈಯಲ್ಲಿ ರೈಲು ಇದೆ.' ಅವನು ಹೇಳಲು ಹೊರಟದ್ದು ಅಷ್ಟೇ.

ಕೊನೆಯ ಸ್ಟೇಷನ್ನಿನಲ್ಲಿ ಇಳಿದವಳು ಮುಂದಿನ ಟ್ರಿಪ್ಪಿಗೆ ಹತ್ತಲಿಲ್ಲ. ಮೇಲಿನವರ ಹತ್ತಿರ ಹೋಗಿ, ಧ್ವನಿ ನಡುಗದ ಹಾಗೆ ನೋಡಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಬೈಯಲಿಲ್ಲ. ನೀವೇ ಬಂದು ಹೇಳಿದ್ದು ಒಳ್ಳೇದಾಯ್ತು ಎಂದು ಡಾಕ್ಟರ ಬಳಿ ಕಳಿಸಿದರು. ಹೆಗಲಿನ ಹತ್ತಿರ ನರ ಒತ್ತಿಕೊಂಡಿದೆ, ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ, ಹಗ್ಗ ಸದ್ಯಕ್ಕಿಲ್ಲ ಎಂದರು ಡಾಕ್ಟರು. ಕೈ ಪೂರ್ತಿ ಸರಿಯಾಗುವ ತನಕ ರೈಲಿನ ಬದಲು ಸ್ಟೇಷನ್ ಡ್ಯೂಟಿ ಎಂದಾಯಿತು. ಇಷ್ಟು ದಿನ ಹೆದರಿದ್ದೆಲ್ಲ ಒಂದೇ ಮಧ್ಯಾಹ್ನದಲ್ಲಿ ಆಗಿಹೋಗಿತ್ತು. ಅವಳು ಇನ್ನೂ ಪದ್ಮಶ್ರೀಯೇ ಆಗಿದ್ದಳು.

ಸಂಜೆ ಜಯನಗರದಲ್ಲಿ ಇಳಿದು ಒಂಬತ್ತನೇ ಬ್ಲಾಕಿನ ಕಡೆ ನಡೆದಳು. ಅಂಗಡಿಯ ಮುಂದೆ ಮೂರು ಸಲ ಹಾದುಹೋದಳು. ಹುರಿದ ಬೀಜದ ಘಮ ಬೀದಿಯ ತಿರುವಿನವರೆಗೂ ಬಂದು ಅವಳನ್ನು ಕೈಹಿಡಿದು ವಾಪಸ್ ಕರೆತಂದಿತು.

ಗಲ್ಲಾದಲ್ಲಿ ಅವನ ಅಮ್ಮ ಸತ್ಯಭಾಮಾ ಕೂತಿದ್ದರು. ಹಣೆತುಂಬ ಕುಂಕುಮ, ಮೂಗಿನ ತುದಿಗೆ ಕನ್ನಡಕ. "ಏನು ಕೊಡ್ಲಿ? ಚಿಕೋರಿ ಎಷ್ಟು ಇರ್ಲಿ?"

"ಕಾಫಿಪುಡಿ ಅಲ್ಲ ಆಂಟಿ. ಭಾರ್ಗವ ಇದಾರಾ? ನಾನು ಪದ್ಮಶ್ರೀ. ಕೋಣನಕುಂಟೆ ಟೀಮು."

ಸತ್ಯಭಾಮಾ ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. ಆ ನೋಟ ಮುಖದಿಂದ ಶುರುವಾಗಿ, ಡಾಕ್ಟರು ಎಡಗೈಗೆ ಕಟ್ಟಿದ್ದ ಪಟ್ಟಿಯ ಮೇಲೆ ನಿಂತು ಮತ್ತೆ ಮುಖಕ್ಕೆ ಬಂತು. ಈ ಹೆಸರು ಅವರಿಗೆ ಹೊಸತಲ್ಲ ಎಂದು ಪದ್ಮಶ್ರೀಗೆ ಗೊತ್ತಾಯಿತು.

"ಹಿಂದೆ ಮಿಷನ್ ಹತ್ರ ಇದಾನೆ," ಎಂದರು. ಬಾ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಪಕ್ಕದ ಓಣಿಯಿಂದ ಹಿಂದಕ್ಕೆ ಹೋದಳು. ಪುಡಿ ಮಾಡುವ ಯಂತ್ರ ಗುರುಗುಟ್ಟುತ್ತಿತ್ತು. ಅವಳನ್ನು ಕಂಡವನೇ ಅವನು ಸ್ವಿಚ್ ಆರಿಸಿದ. ಮೌನ ದಪ್ ಎಂದು ಬಿತ್ತು.

"ಡಾಕ್ಟರ್ ಹತ್ರ ಹೋಗಿದ್ದೆ," ಎಂದಳು. "ನೀನು ಹೇಳಿದ್ದು ಸರಿ ಇತ್ತು."

"ಸರಿ ಇತ್ತು. ಆದ್ರೆ ಹೇಳಿದ ರೀತಿ ಸರಿ ಇರ್ಲಿಲ್ಲ. ಮೊದಲು ನಿಮಗೇ ಹೇಳ್ಬೇಕಿತ್ತು, 'ನಾನು ಗಂಗಯ್ಯ ಸಾರ್‌ಗೆ ಹೇಳ್ತೀನಿ' ಅಂತ. ಧೈರ್ಯ ಸಾಲ್ಲಿಲ್ಲ."

"ಯಾಕೆ?"

"ನೀವು ಮತ್ತೊಂದು ಸಲ ಪ್ಲೀಸ್ ಅಂದಿದ್ರೆ, ಸುಮ್ನೆ ಇದ್ದುಬಿಡ್ತಿದ್ದೆ."

ಅವಳು ಮೂಟೆಯಿಂದ ಒಂದು ಬೀಜ ತೆಗೆದು ಬೆರಳಲ್ಲಿ ಹೊರಳಿಸಿದಳು. ಅವನ ಮುಂಗೈ ಮೇಲೆಲ್ಲ ಕಾಫಿಪುಡಿ. ಒರೆಸಬೇಕೆನಿಸಿತು. ಒರೆಸಲಿಲ್ಲ.

"ನಾನು ಹೋಗ್ತೀನಿ," ಎಂದಳು ಅವಸರದಲ್ಲಿ.

"ಈಗಷ್ಟೇ ಬಂದ್ರಿ."

"ಅದಕ್ಕೇ."

*

ಪಂದ್ಯದ ಹಿಂದಿನ ದಿನ ಗಂಗಯ್ಯ ಅವಳ ಮನೆಗೇ ಬಂದರು. ಹಗ್ಗದ ಪಕ್ಕದಲ್ಲಿ ನಿಂತು ಎಳೆತದ ಲಯ ಕೂಗುವ ಕೆಲಸ ಕೋಚಿನದು. "ಅದನ್ನ ನಾಳೆ ನೀನು ಮಾಡು," ಎಂದರು. "ನಾನು ಕೂಗಿದ್ರೆ ಕೇಳಿಸ್ಕೋತಾರೆ. ನೀನು ಕೂಗಿದ್ರೆ ಎಳೀತಾರೆ."

ಬನಶಂಕರಿಯ ಕಾಲೇಜು ಮೈದಾನದಲ್ಲಿ ಪಂದ್ಯ. ಬಿಸಿಲು ಚುರುಗುಟ್ಟುತ್ತಿತ್ತು. ತಂಡದವರು ಶಾಮಿಯಾನದ ಕೆಳಗೆ ಅಲ್ಲಲ್ಲಿ ಚದುರಿ ಕೂತಿದ್ದರು, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ. ಪದ್ಮಶ್ರೀ ನಡುವೆ ಹೋಗಿ ನಿಂತಳು.

"ಎಲ್ರೂ ಇಲ್ಲಿ ನೋಡಿ. ನನ್ನ ಬೆರಳು ಸತ್ತು ತುಂಬ ದಿನ ಆಗಿತ್ತು. ನಿಮಗೆ ಹೇಳ್ಲಿಲ್ಲ. ಹಂಗೇ ಎಳೀತಿದ್ದೆ, ಹಂಗೇ ರೈಲೂ ಓಡಿಸ್ತಿದ್ದೆ. ಭಾರ್ಗವ ಹೇಳ್ದೆ ಇದ್ದಿದ್ರೆ ಏನಾಗ್ತಿತ್ತೋ. ಅವನು ನನ್ನ ಜಾಗ ಕದೀಲಿಲ್ಲ. ನಾನು ನಿಮ್ಮನ್ನ ನಂಬ್ಲಿಲ್ಲ, ಅಷ್ಟೇ. ಸುನಿ, ಬೈಯೋದಿದ್ರೆ ನಂಗೆ ಬೈ."

ಸುನಿತಾ ಎದ್ದು ಬಂದಳು. "ನಾನು ನರ್ಸು ಕಣೇ," ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು. "ದಿನಾ ಕಂಡೋರ ಕೈ ಹಿಡಿದು ನೋಡ್ತೀನಿ. ನಿಂದು ತೋರಿಸೋಕೆ ಏನಾಗಿತ್ತು ನಿಂಗೆ?" ಹಾಗೆಂದು ಪದ್ಮಶ್ರೀಯ ಎಡಗೈಯನ್ನು ತಿರುಗಿಸಿ ನೋಡಿ, ಸೀದಾ ಭಾರ್ಗವನ ಹತ್ತಿರ ಹೋದಳು. "ಫ್ಲಾಸ್ಕಲ್ಲಿ ಇದೆಯೋ, ನಮ್ಮೇಲೆ ಸಿಟ್ಟಿಗೆ ಖಾಲಿ ತಂದಿದೀರೋ?"

"ಇದೆ," ಎಂದ ಅವನು. ಎಲ್ಲರೂ ಕುಡಿದರು. ಸುಶ್ರುತ ಎರಡು ಲೋಟ ಕುಡಿದು, ತೂಕ ಹಾಕಿದ್ದು ಮುಗಿದಿದೆ ತಾನೇ ಎಂದ.

ಸೆಮಿಫೈನಲ್ಲಿನಲ್ಲಿ ಎದುರಿಗೆ ಬಂದದ್ದು ಅದೇ ತಲಘಟ್ಟಪುರ. ಮೊದಲ ಎಳೆತ ಸೋತರು. ಎರಡನೆಯದು ಗೆದ್ದರು. ಮೂರನೆಯದಕ್ಕೆ ರೆಫರಿ "ಪುಲ್" ಎಂದದ್ದೇ ತಡ, ಹಗ್ಗ ಬಿಗಿದು ಎರಡೂ ಕಡೆ ನಿಂತುಬಿಟ್ಟಿತು. ಯಾರೂ ಜರುಗಲಿಲ್ಲ.

ಹಗ್ಗದ ಪಕ್ಕದಲ್ಲಿ ಬಗ್ಗಿ ನಡೆಯುತ್ತ ಪದ್ಮಶ್ರೀ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದಳು. "ಸುನಿ, ತಡಿ! ಸುರಭಿ, ಕಾಲು ಊರು! ಈಗ ಬೇಡ... ಈಗ ಬೇಡ..." ಕೊನೆಯ ಜಾಗಕ್ಕೆ ಬಂದಾಗ ಅವಳ ಮಾತು ತೊದಲಿತು.

ಎಳೆಯುವಾಗ ಅವನ ಮುಖವನ್ನು ಅವಳು ನೋಡಿದ್ದೇ ಇರಲಿಲ್ಲ. ಇಷ್ಟು ತಿಂಗಳು ಬೆನ್ನು ಮಾತ್ರ. ಅದು ಕಾಫಿ ಬಗ್ಗಿಸುವಾಗ ನಗುವ ಮುಖವಾಗಿರಲಿಲ್ಲ, ಪ್ಲಾಟ್‌ಫಾರ್ಮಿನ ತುಂಟ ಮುಖವೂ ಆಗಿರಲಿಲ್ಲ. ಹುಬ್ಬು ಗಂಟಿಕ್ಕಿ, ತುಟಿ ಬಿಳುಪೇರಿ, ನೋವೆಲ್ಲ ಕಣ್ಣಿಗೆ ಬಂದು ನಿಂತಿತ್ತು. ಆ ಕಣ್ಣು ಎದುರಾಳಿಯ ಕಡೆ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿತ್ತು. ಹೇಳು, ಯಾವಾಗ, ಎಂದು ಕಾಯುತ್ತಿತ್ತು.

ಅವಳು ಉಸಿರೆಳೆದಳು. ಹಗ್ಗದ ಮೇಲಿನ ಎಂಟೂ ಎದೆಗಳು ಜೊತೆಗೇ ಉಬ್ಬಿದ್ದು ಕಾಣಿಸಿತು.

"ಈಗ!"

ಹಗ್ಗ ಒಂದು ಗೇಣು ಹಿಂದಕ್ಕೆ ಬಂತು. "ಈಗ!" ಇನ್ನೊಂದು ಗೇಣು. ಎಂಟು ಜನರ ಹಿಮ್ಮಡಿಗಳು ಒಂದೇ ಸದ್ದಿನಲ್ಲಿ ನೆಲ ಕಚ್ಚುತ್ತಿದ್ದವು. ಆಮೇಲೆ ತಲಘಟ್ಟಪುರದ ಮುಂದಿನವನ ಕಾಲು ಜಾರಿತು, ಅವರ ಸಾಲು ಕುಸಿಯಿತು, ಇವರೆಲ್ಲ ಒಬ್ಬರ ಮೇಲೊಬ್ಬರು ಅಂಗಾತ ಬಿದ್ದರು. ಗಂಗಯ್ಯ ಟೋಪಿ ತೆಗೆದು ಮುಖ ಒರೆಸಿಕೊಂಡರು. ಬೆವರಲ್ಲ ಅದು.

ಫೈನಲ್ಲಿನಲ್ಲಿ ಸೋತರು. ಎದುರಿಗಿದ್ದವರು ಇವರಿಗಿಂತ ಎಷ್ಟೋ ವರ್ಷ ಹೆಚ್ಚು ಜೊತೆಗೆ ಎಳೆದವರು. ಸೋತು ಬಂದವರು ಮೈದಾನದ ಅಂಚಿನಲ್ಲಿ ಒಂದೇ ಗುಂಪಾಗಿ ಕೂತು, ಬಾಳೆಹಣ್ಣು ಸುಲಿಯುತ್ತ, ಗೆದ್ದವರಿಗಿಂತ ಜೋರಾಗಿ ಗಲಾಟೆ ಮಾಡಿದರು.

*

ಭಾರ್ಗವ ಸ್ವಲ್ಪ ದೂರದಲ್ಲಿ, ಮರದ ಕೆಳಗೆ ನಿಲ್ಲಿಸಿದ್ದ ಸ್ಕೂಟರಿಗೆ ಒರಗಿ ಅಂಗೈ ನೋಡಿಕೊಳ್ಳುತ್ತಿದ್ದ. ಚರ್ಮ ಕಿತ್ತು ಬಂದಿತ್ತು. ಪದ್ಮಶ್ರೀ ನೀರಿನ ಬಾಟಲಿ ಹಿಡಿದು ಬಂದಳು.

"ಕೈ ಚಾಚು."

ನೀರು ಬಿದ್ದಾಗ ಅವನು 'ಸ್ಸ್' ಎಂದ.

"ಉರಿಯುತ್ತಾ?"

"ನೀವು ನಂಗೆ 'ನೀನು' ಅಂತೀರಲ್ಲ, ಅದಕ್ಕೆ ಹೋಲಿಸಿದ್ರೆ ಇದೇನಿಲ್ಲ."

"ಬೇಡ ಅಂದ್ರೆ ಬಿಡ್ತೀನಿ."

"ಬೇಡ, ಬಿಡ್ಬೇಡಿ," ಎಂದ ಗಾಬರಿಯಲ್ಲಿ. ಆಮೇಲೆ ಅವಳ ಮುಖ ನೋಡಿ, "ಬಿಡ್ಬೇಡ," ಎಂದ.

ಅವಳು ನೀರು ಹಾಕುವುದನ್ನು ನಿಲ್ಲಿಸಿದಳು.

"ಪದ್ಮಶ್ರೀ, ನಿನ್ನ ಉಸಿರು ಕೇಳಿ ಕೇಳಿ ನಂಗೆ ಅಭ್ಯಾಸ ಆಗೋಗಿದೆ. ಈ ಕೊನೇ ಜಾಗದಲ್ಲಿ ನಿಂತ್ರೆ ಹಿಂದೆ ಯಾರೂ ಇರಲ್ಲ. ತುಂಬ ಖಾಲಿ ಅನ್ಸುತ್ತೆ. ಹಗ್ಗ ಬಿಟ್ಟ ಮೇಲೂ ಖಾಲಿ. ಅಂಗಡೀಲೂ ಖಾಲಿ. ನಂಗೆ ನೀನು ಬೇಕು."

ಅವಳು ಎರಡು ಹೆಜ್ಜೆ ಆ ಕಡೆ ಹೋದಳು, ಎರಡು ಹೆಜ್ಜೆ ಈ ಕಡೆ ಬಂದಳು. "ನಿಮ್ಮಮ್ಮನಿಗೆ ಗೊತ್ತಾ?"

"ಹೇಳಿದೀನಿ. ಯಾವ ಜನ ಅಂತ ಕೇಳಿದ್ರು. ಅದೂ ಹೇಳ್ದೆ. ಆವತ್ತಿಂದ ಸರಿಯಾಗಿ ಮಾತಾಡ್ತಿಲ್ಲ. ನೀನು ಅಂಗಡಿಗೆ ಬಂದು ಹೋದ್ಮೇಲೆ ಒಂದೇ ಒಂದು ಸಲ, 'ಆ ಹುಡುಗಿ ಕೈಗೆ ಏನಾಗಿದೆ' ಅಂತ ಕೇಳಿದ್ರು."

"ಒಪ್ಪದಿದ್ರೆ?"

"ಒಪ್ಪೋವರೆಗೂ ಕೇಳ್ತಾ ಇರ್ತೀನಿ. ಒಪ್ಪದಿದ್ರೂ ನಾನು ನಿನ್ನ ಜೊತೆಗೇ. ನಿಮ್ಮ ಮನೇಲಿ?"

"ನಮ್ಮಮ್ಮನಿಗೆ ನಾನು ಹೇಳೋದೇ ಬೇಡ. ನಾನು ಊಟ ಬಿಟ್ಟಿದ್ರಲ್ಲೇ ಎಲ್ಲ ತಿಳ್ಕೊಂಡಿದಾಳೆ. ಹುಡುಗನ್ನ ಕರ್ಕೊಂಡು ಬಾ, ನೋಡಿ ಹೇಳ್ತೀನಿ ಅಂತಾಳೆ. ಒಪ್ಪೋದು ಬಿಡೋದು ಅವಳಿಗೂ ಇದೆ ತಾನೇ?" ಅವಳು ಬಾಟಲಿಯ ಮುಚ್ಚಳ ಹಾಕಿದಳು. "ನಂಗೂ ನೀನು ಬೇಕು. ಹೇಳೋಕೆ ಇಷ್ಟು ತಡ ಮಾಡಿದ್ದಕ್ಕೆ ನನ್ನ ಮೇಲೇ ನಂಗೆ ಸಿಟ್ಟು. ನಡಿ."

"ಎಲ್ಲಿಗೆ?"

"ನಿಮ್ಮಮ್ಮನ ಹತ್ರ. ನೀನೊಬ್ಬನೇ ಕೇಳಿದ್ರೆ ಹೆಂಗೆ? ಜೊತೆಗೆ ಕೇಳೋಣ."

"ಈಗಾ? ಈ ಮಣ್ಣಲ್ಲಿ?"

"ಈಗಲೇ. ನಾಳೆವರೆಗೆ ನನ್ನ ಕೈಲಾಗಲ್ಲ."

ಅವನು ನಕ್ಕ. ಹರಿದ ಅಂಗೈಯಿಂದ ಹ್ಯಾಂಡಲ್ ಹಿಡಿಯಲಾಗದೆ ಕೀಲಿಯನ್ನು ಅವಳಿಗೆ ಕೊಡಲು ಹೋಗಿ, ಅವಳ ಎಡಗೈ ನೆನಪಾಗಿ ತಡೆದ. ಕೊನೆಗೆ ಇಬ್ಬರೂ ಸ್ಕೂಟರನ್ನು ಅಲ್ಲೇ ಬಿಟ್ಟು ಆಟೋ ಹತ್ತಿದರು. ಜಯನಗರಕ್ಕೆ ಎಂದಾಗ ಡ್ರೈವರು ಇಬ್ಬರ ಬಟ್ಟೆ ನೋಡಿ ಸೀಟಿನ ಮೇಲೆ ಹಳೇ ಪೇಪರು ಹಾಸಿಕೊಳ್ಳಿ ಎಂದ.

ಅಂಗಡಿಯಲ್ಲಿ ಸಂಜೆಯ ಗಿರಾಕಿಗಳಿದ್ದರು. ಸತ್ಯಭಾಮಾ ಪೊಟ್ಟಣ ಕಟ್ಟುತ್ತಿದ್ದವರು ತಲೆಯೆತ್ತಿದರು. ಮಗನ ಅಂಗೈ ನೋಡಿದರು. ಪಕ್ಕದಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ನೆಟ್ಟಗೆ ನಿಂತಿದ್ದ ಹುಡುಗಿಯನ್ನು ನೋಡಿದರು. ಕೈಯಲ್ಲಿದ್ದ ಪೊಟ್ಟಣವನ್ನು ಕಟ್ಟಿ ಮುಗಿಸಿ, ಚಿಲ್ಲರೆ ಕೊಟ್ಟು, ಗಿರಾಕಿ ಮೆಟ್ಟಿಲಿಳಿಯುವವರೆಗೂ ಕಾದರು.

"ಆಂಟಿ," ಎಂದಳು ಪದ್ಮಶ್ರೀ, "ನಾವಿಬ್ರೂ ನಿಮ್ಮ ಹತ್ರ ಒಂದು ವಿಷಯ..."

ಸತ್ಯಭಾಮಾ ಕೈಯೆತ್ತಿ ತಡೆದರು.

"ಬೀದೀಲಿ ನಿಂತು ಆಡೋ ಮಾತಲ್ಲ ಅದು," ಎಂದರು. ಯಾರ ಮುಖವನ್ನೂ ನೋಡದೆ, ಮನೆಯ ಕಡೆಯ ಬಾಗಿಲಿನ ಅಗುಳಿ ಸರಿಸಿದರು. "ಕೈಕಾಲು ತೊಳ್ಕೊಂಡು ಒಳಗೆ ಬನ್ನಿ. ಇಬ್ರೂ."

ಹಿತ್ತಿಲ ನಲ್ಲಿಯ ಹತ್ತಿರ ಅವನು ಚೊಂಬಿನಿಂದ ಅವಳ ಪಾದದ ಮೇಲೆ ನೀರು ಹಾಕಿದ. ಮಣ್ಣು ಕರಗಿ ಕಲ್ಲಿನ ಮೇಲೆ ಹರಿದುಹೋಯಿತು.

"ಹೆದರಿಕೆ ಆಗ್ತಿದೆ," ಎಂದಳು ಪಿಸುಮಾತಿನಲ್ಲಿ.

"ನಂಗೂ."

ಒಳಗೆ ಅಡಿಗೆಮನೆಯಲ್ಲಿ ಒಲೆ ಹೊತ್ತಿಸಿದ ಸದ್ದಾಯಿತು. ಇಬ್ಬರೂ ಒದ್ದೆ ಕಾಲಿನಲ್ಲೇ ಹೊಸ್ತಿಲು ದಾಟಿದರು.